ಹತ್ತನೆಯ ಹೆಸರು, ಇಪ್ಪತ್ತನೆಯ ಹೆಸರು: ಉದ್ದಿಮೆ ಬೆಳೆದಾಗ ನೌಕರರ ನೇಮಕದ ಲೆಕ್ಕ

ಮುಂಡಗೋಡ ತಾಲೂಕಿನ ಸನವಳ್ಳಿಯಂತಹ ಊರಿನಲ್ಲಿ ನಡೆಯುವ ಒಂದು ಅಕ್ಕಿ ಗಿರಣಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನಾಲ್ಕೈದು ಆಳುಗಳಿಂದ ಆರಂಭವಾದ ದಂಧೆಗೆ ಕ್ರಮೇಣ ಯಂತ್ರ ನಡೆಸುವವರು, ಲೆಕ್ಕ ಬರೆಯುವವರು, ಹಮಾಲರು ಸೇರುತ್ತಾರೆ. ಒಂಬತ್ತು ಮಂದಿಯವರೆಗೆ ಮಾಲೀಕರಿಗೆ ಚಿಂತೆಯಿಲ್ಲ. ಹತ್ತನೆಯ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯಲು ಮಾತ್ರ ಅನೇಕರು ಹಿಂಜರಿಯುತ್ತಾರೆ. ಈ ಹಿಂಜರಿಕೆಯಿಂದ ನಿಜಕ್ಕೂ ಉಳಿತಾಯವಾಗುತ್ತದೆಯೇ ಎಂಬುದು ವಿಚಾರಾರ್ಹ.

ಕಾನೂನಿನ ಮೆಟ್ಟಿಲುಗಳು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕನಿಷ್ಠ ವೇತನದ ಹೊಣೆ ಮೊದಲನೆಯ ನೌಕರನಿಂದಲೇ ಆರಂಭವಾಗುತ್ತದೆ. ಹತ್ತು ಮಂದಿಯಾದಾಗ ಇ.ಎಸ್.ಐ. ಹಾಗೂ ಗ್ರಾಚ್ಯುಟಿ, ಇಪ್ಪತ್ತು ಮಂದಿಯಾದಾಗ ಭವಿಷ್ಯನಿಧಿ ಅನ್ವಯಿಸುತ್ತವೆ. ವಿದ್ಯುತ್ ಬಳಸುವ ಘಟಕವು ಹಿಂದೆ ಹತ್ತು ಕಾರ್ಮಿಕರಿದ್ದರೆ ಕಾರ್ಖಾನೆಯೆನಿಸುತ್ತಿತ್ತು. ಈಗ ಆ ಮಿತಿ ಇಪ್ಪತ್ತು. ದಿನಗೂಲಿಯವರು, ಗುತ್ತಿಗೆಯವರು ಎಂಬ ಕಾರಣಕ್ಕೆ ಯಾರನ್ನೂ ಎಣಿಕೆಯಿಂದ ಬಿಡುವಂತಿಲ್ಲ. ಸಾಮಾಜಿಕ ಭದ್ರತಾ ಸಂಹಿತೆ ಒಮ್ಮೆ ಅನ್ವಯಿಸಿದರೆ, ಮುಂದೆ ಸಂಖ್ಯೆ ಇಳಿದರೂ ಅದರ ಹೊಣೆ ಮುಂದುವರಿಯುತ್ತದೆ.

ವೆಚ್ಚವೆಷ್ಟು?

ತಿಂಗಳಿಗೆ 15,000 ರೂ. ವೇತನದ ನೌಕರನಿಗೆ ಮಾಲೀಕರು ಕಟ್ಟಬೇಕಾದ ಇ.ಎಸ್.ಐ. ವಂತಿಗೆ ಶೇ. 3.25, ಅಂದರೆ ಸುಮಾರು 488 ರೂ. ನೌಕರನ ಪಾಲು ಶೇ. 0.75. ಭವಿಷ್ಯನಿಧಿ ಅನ್ವಯಿಸಿದರೆ ಶೇ. 12ರಂತೆ 1,800 ರೂ. ಸೇರುತ್ತದೆ, ಆಡಳಿತ ಶುಲ್ಕ ಪ್ರತ್ಯೇಕ. ಗ್ರಾಚ್ಯುಟಿಗಾಗಿ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನ, ಅಂದರೆ ಸುಮಾರು 8,654 ರೂ. ತೆಗೆದಿರಿಸುವುದು ಕ್ಷೇಮ.

ಇನ್ನೊಂದು ಬದಿಯ ಲೆಕ್ಕವನ್ನೂ ನೋಡಬೇಕು. ಇ.ಎಸ್.ಐ. ರಕ್ಷಣೆಯಿಲ್ಲದ, ಇದೇ ವೇತನದ 30 ವರ್ಷದ ಕಾರ್ಮಿಕನು ಕೆಲಸದಲ್ಲಿ ಅಪಘಾತಕ್ಕೀಡಾಗಿ ಮೃತಪಟ್ಟರೆ, ಮಾಲೀಕರು ನೀಡಬೇಕಾದ ಪರಿಹಾರ ಸುಮಾರು 15.6 ಲಕ್ಷ ರೂ. ಸಣ್ಣ ಗಿರಣಿಯೊಂದನ್ನು ಮುಚ್ಚಿಸಲು ಇಷ್ಟು ಸಾಕು. ಇ.ಎಸ್.ಐ. ಇದ್ದಲ್ಲಿ ಅವಲಂಬಿತರಿಗೆ ನಿಗಮವೇ ಮಾಸಿಕ ಸೌಲಭ್ಯ ನೀಡುತ್ತದೆ. ದಾಂಡೇಲಿ ಹಾಗೂ ಹುಬ್ಬಳ್ಳಿಗಳಲ್ಲಿ ಇ.ಎಸ್.ಐ. ಆಸ್ಪತ್ರೆಗಳೂ ಇವೆ. ಹತ್ತು ಮಂದಿಗಿಂತ ಕಡಿಮೆಯಿದ್ದರೂ ಸ್ವ ಇಚ್ಛೆಯಿಂದ ಈ ಯೋಜನೆಗೆ ಸೇರಲು ಸಂಹಿತೆಯಲ್ಲಿ ಅವಕಾಶವಿದೆ.

ಸರ್ಕಾರದ ನೆರವು

ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಯು 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಅನ್ವಯಿಸುತ್ತದೆ. 50ಕ್ಕಿಂತ ಕಡಿಮೆ ನೌಕರರಿರುವ, ಭವಿಷ್ಯನಿಧಿಗೆ ನೋಂದಾಯಿತ ಸಂಸ್ಥೆಯು ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ನೇಮಿಸಿ ಆರು ತಿಂಗಳು ಉಳಿಸಿಕೊಳ್ಳಬೇಕು. ಮೇಲಿನ ಉದಾಹರಣೆಯ ವೇತನಕ್ಕೆ ದೊರೆಯುವ ಪ್ರೋತ್ಸಾಹಧನ ತಲಾ ಮಾಸಿಕ 2,000 ರೂ.; ಭವಿಷ್ಯನಿಧಿಯ ವಂತಿಗೆಗಿಂತ ಇದು ಹೆಚ್ಚು. ಹೆಸರು ಮರೆಮಾಚಿದವರಿಗೆ ಈ ನೆರವು ದಕ್ಕದು.

ಆದುದರಿಂದ ಸುಗ್ಗಿಯ ಒತ್ತಡಕ್ಕೆ ಮೊದಲೇ ಹಾಜರಿ ಪುಸ್ತಕವನ್ನು ಸರಿಪಡಿಸಿ, ನೇಮಕಾತಿ ಪತ್ರ ನೀಡಿ, ವೇತನವನ್ನು ಬ್ಯಾಂಕಿನ ಮೂಲಕ ಪಾವತಿಸುವುದು ಉದ್ದಿಮೆದಾರರಿಗೆ ಹಿತಕರ.