ಸೀಫಿನ್: ಫಿನ್ನನ ಪೀಠದೆಡೆಗೆ

ಡಬ್ಲಿನ್ನಿನ ಪಶ್ಚಿಮದಲ್ಲಿರುವ ಕ್ಲಾಂಡಾಲ್ಕಿನ್‌ನ ರಸ್ತೆಫಲಕಗಳಲ್ಲಿ ಊರಿಗೆ ಎರಡು ಹೆಸರುಗಳಿವೆ. ಮೇಲೆ ಓರೆಯಕ್ಷರಗಳಲ್ಲಿ ಐರಿಷ್, ಕೆಳಗೆ ದೊಡ್ಡಕ್ಷರಗಳಲ್ಲಿ ಇಂಗ್ಲಿಷ್. ಇಂಗ್ಲಿಷ್ ರೂಪಕ್ಕೆ ಅರ್ಥವಿಲ್ಲ, ಅದು ಕೇವಲ ಸದ್ದು. ಐರಿಷ್ ರೂಪವಾದ 'ಕ್ಲೂನ್ ಡೊಲ್ಕಾನ್' ಎಂದರೆ ಡೊಲ್ಕಾನನ ಹುಲ್ಲುಗಾವಲು. ಇಲ್ಲಿಂದ ದಕ್ಷಿಣಕ್ಕೆ, ವಿಕ್ಲೋ ಪರ್ವತಗಳಲ್ಲಿರುವ ಸೀಫಿನ್ ಬೆಟ್ಟದ ಕಥೆಯೂ ಇದೇ. 'ಸೀ' ಎಂದರೆ ಪೀಠ. ಐರಿಷ್ ಪುರಾಣಗಳ ವೀರ ಫಿನ್ ಮಕೂಲನ ಪೀಠವೇ ಸೀಫಿನ್.

ಎತ್ತರ 621 ಮೀಟರ್. ಪ್ರಸಿದ್ಧ ಬೆಟ್ಟಗಳ ಜನಸಂದಣಿ ಇಲ್ಲಿಲ್ಲ. ಕಿಲ್‌ಬ್ರೈಡ್ ಸೇನಾ ಗುಂಡುತರಬೇತಿ ಮೈದಾನದ ಅಂಚಿನಿಂದ ಏರುವ ದಾರಿ ಚಿಕ್ಕದು, ಆದರೆ ಕಡಿದು. ಕೆಂಪು ಬಾವುಟ ಹಾರುತ್ತಿದ್ದರೆ ಮೈದಾನದ ಗಡಿಯನ್ನು ದಾಟಲೇಬಾರದು. ಪಾದದಡಿ ನೀರುಂಡ ಕೊಳೆಸಸ್ಯದ ಕಪ್ಪು ಮಣ್ಣು; ಬೇಸಿಗೆಯಲ್ಲೂ ನೀರುತಡೆಯುವ ಬೂಟು ಬೇಕು.

ನೆತ್ತಿಯಲ್ಲಿ ಸುಮಾರು 5,000 ವರ್ಷಗಳಷ್ಟು ಹಳೆಯ ಕಲ್ಲುರಾಶಿಯಿದೆ. ವ್ಯಾಸ ಸುಮಾರು 25 ಮೀಟರ್. ಒಳಗೆ ಕಿರಿದಾದ ಹಾದಿ, ಅದರ ಕೊನೆಗೆ ಕೋಣೆ. 1931ರಲ್ಲಿ ಪುರಾತತ್ತ್ವಜ್ಞ ಮಕಾಲಿಸ್ಟರ್ ಉತ್ಖನನ ಮಾಡಿದಾಗ ಮಾನವ ಅವಶೇಷಗಳೇ ಸಿಗಲಿಲ್ಲ. ಕಟ್ಟಿದವರ ಭಾಷೆ ಅಳಿದುಹೋಗಿದೆ. ಬಹುಕಾಲದ ಮೇಲೆ ಬಂದವರು ಆ ಕಲ್ಲುಗಳಿಗೆ ತಮ್ಮ ವೀರನ ಹೆಸರಿಟ್ಟರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ನಮ್ಮವರು ಮೋರೇರ ಮನೆಗಳೆಂದು ಕರೆದದ್ದೂ ಹೀಗೆಯೇ. ಯಾರು ಕಟ್ಟಿದರೆಂದು ತಿಳಿಯದಿದ್ದರೂ ಕಲ್ಲನ್ನು ಅನಾಥವಾಗಿ ಬಿಡಲು ಜನರಿಗೆ ಮನಸ್ಸಾಗುವುದಿಲ್ಲ.

19ನೆಯ ಶತಮಾನದಲ್ಲಿ ಬ್ರಿಟಿಷ್ ಭೂಮಾಪನ ಇಲಾಖೆ ಐರ್ಲೆಂಡಿನ ನಕಾಶೆ ಬರೆದಾಗ ಹೆಸರುಗಳನ್ನು ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಬರೆಯಲಾಯಿತು. ವಿದ್ವಾಂಸ ಜಾನ್ ಓ'ಡೊನೊವನ್ 1830ರ ದಶಕದಲ್ಲಿ ಊರೂರು ತಿರುಗಿ ಮೂಲರೂಪಗಳನ್ನು ದಾಖಲಿಸಿದ್ದರಿಂದ ಎಷ್ಟೋ ಅರ್ಥಗಳು ಉಳಿದವು. ಮಡಿಕೇರಿ 'ಮರ್ಕಾರಾ' ಆದ ಬಗೆಯನ್ನು ಬಲ್ಲ ನಮಗೆ ಇದು ಹೊಸದಲ್ಲ.

ಇಲ್ಲಿ ವೃತ್ತಿ ಆರಂಭಿಸಿದಾಗ ಸಹೋದ್ಯೋಗಿಗಳ ಅನುಕೂಲಕ್ಕೆಂದು ನನ್ನ ಹೆಸರನ್ನು ಎರಡಕ್ಷರಕ್ಕೆ ನಾನೇ ಕತ್ತರಿಸಿಕೊಂಡೆ. ವರ್ಷಗಳ ನಂತರ, ಒಬ್ಬ ವೃದ್ಧ ರೋಗಿಯ ಐರಿಷ್ ಹೆಸರನ್ನು ತಪ್ಪಾಗಿ ಕರೆದೆ. ಅವರು ನಕ್ಕು ತಿದ್ದಿದರು. ಆಮೇಲೆ ನನ್ನ ಪೂರ್ತಿ ಹೆಸರನ್ನು ಕೇಳಿ, ಮೂರು ಬಾರಿ ಅಭ್ಯಾಸ ಮಾಡಿ ಹೇಳಿದರು. ಸೀಫಿನ್ ಎಂದರೇನೆಂದು ನನಗೆ ಮೊದಲು ತಿಳಿಸಿದವರೂ ಅವರೇ.

ಈ ಬೆಟ್ಟಕ್ಕೆ ಹೋಗುವವರು ಸಮಾಧಿಯ ಕಲ್ಲುಗಳ ಮೇಲೆ ಹತ್ತದಿರಲಿ, ಕಲ್ಲನ್ನು ತರದಿರಲಿ. ಜೊತೆಯಲ್ಲಿ ಮಕ್ಕಳಿದ್ದರೆ ಬೆಟ್ಟದ ಹೆಸರಿನ ಅರ್ಥ ಹೇಳಿರಿ. ಇಳಿಯುವಾಗ ಅವರ ಹೆಸರಿನ ಅರ್ಥವನ್ನೂ.