ಅಪ್ಪನ ತೊಟ್ಟಿ, ಮಗನ ಮಣ್ಣು

ಮನೆಯ ಅಕ್ವೇರಿಯಂಗೆ ಫಿಲ್ಟರ್ ಕೊಳ್ಳಹೋದರೆ ಡಬ್ಬದ ಮೇಲೆ ಎದ್ದು ಕಾಣುವುದು ಒಂದೇ ಅಂಕಿ: ಗಂಟೆಗೆ ಇಷ್ಟು ಲೀಟರ್. ಲಂಡನ್ನಿನಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ಚಿಗುರಿದಾಗ ಆ ಅಂಕಿಯೂ ಇರಲಿಲ್ಲ, ಫಿಲ್ಟರೂ ಇರಲಿಲ್ಲ.

1849ರಲ್ಲಿ ಬ್ಲ್ಯಾಕ್‌ಫ್ರೈಯರ್ಸ್ ಬಳಿಯ ಅಪಾತಿಕರೀಸ್ ಹಾಲ್‌ನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 12 ಗ್ಯಾಲನ್ನಿನ ಗಾಜಿನ ಪಾತ್ರೆಗೆ ಅರ್ಧ ನೀರು ತುಂಬಿ, ತಳಕ್ಕೆ ಮರಳು, ಕಲ್ಲು ಹಾಸಿ, ಎರಡು ಗೋಲ್ಡ್‌ಫಿಶ್ ಬಿಟ್ಟರು. ವ್ಯಾಲಿಸ್ನೇರಿಯಾ ಎಂಬ ನೀರಿನ ಗಿಡವೊಂದನ್ನೂ ನೆಟ್ಟರು. ಮೀನಿಗೆ ಬೇಕಾದ ಆಮ್ಲಜನಕವನ್ನು ಗಿಡ ಕೊಡಲಿ ಎಂಬುದು ಲೆಕ್ಕ. ಆದರೆ ಎಲೆ ಕೊಳೆತು ನೀರು ಕದಡಿತು, ಗಾಜಿಗೆ ಲೋಳೆ ಮೆತ್ತಿತು. ಆಗ ಕೊಳದ ಬಸವನಹುಳುಗಳನ್ನು ತಂದುಬಿಟ್ಟರು. ಅವು ಕೊಳೆತದ್ದನ್ನೆಲ್ಲ ಮೇಯ್ದು ನೀರನ್ನು ತಿಳಿಯಾಗಿಸಿದವು. 1850ರಲ್ಲಿ ಕೆಮಿಕಲ್ ಸೊಸೈಟಿಗೆ ವರದಿ ಹೋಯಿತು. 1853ರಲ್ಲಿ ರೀಜೆಂಟ್ಸ್ ಪಾರ್ಕಿನ ಮೃಗಾಲಯ ಫಿಶ್ ಹೌಸ್ ತೆರೆದ ಮೇಲಂತೂ ಊರಿಗೆಲ್ಲ ಅಕ್ವೇರಿಯಂ ಹುಚ್ಚು.

ಹೊಗಳಿಕೆಯೆಲ್ಲ ಗಿಡಕ್ಕೂ ಬಸವನಹುಳುವಿಗೂ ಸಂದಿತು. ತಳದ ಮರಳನ್ನು ಯಾರೂ ಕೇಳಲಿಲ್ಲ. ಮೀನಿನ ಕಿವಿರಿನಿಂದ ಹೊರಬೀಳುವ ಅಮೋನಿಯಾ ವಿಷ. ಗಿಡ ಹೀರಿ ಉಳಿದದ್ದು ಎಲ್ಲಿ ಹೋಗುತ್ತದೆ?

ಉತ್ತರದ ಸುಳಿವು ಸಿಕ್ಕಿದ್ದು ಅಕ್ವೇರಿಯಂನಲ್ಲಲ್ಲ, ಚರಂಡಿಯಲ್ಲಿ. 1877ರಲ್ಲಿ ಪ್ಯಾರಿಸ್ಸಿನ ರಸಾಯನಶಾಸ್ತ್ರಜ್ಞರಾದ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಚರಂಡಿ ನೀರನ್ನು ಮರಳಿನ ಕೊಳವೆಯಲ್ಲಿ ಇಳಿಸುತ್ತ ಕೂತರು. ಸುಮಾರು 20 ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯಾ ಇಳಿದು, ಅದಕ್ಕಿಂತ ತೀರಾ ಕಡಿಮೆ ವಿಷದ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಹಾಯಿಸಿದರೆ ಕೆಲಸ ಬಂದ್. ಅಂದರೆ ಮರಳಿನಲ್ಲಿ ಜೀವವಿದೆ. ಲಂಡನ್ನಿನ ಉತ್ತರಕ್ಕಿರುವ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಈ ಎಳೆಯನ್ನು ಹಿಡಿದು ಮುಂದೆ ಹೋದವನ ಹೆಸರೂ ರಾಬರ್ಟ್ ವಾರಿಂಗ್ಟನ್ನೇ, ತೊಟ್ಟಿಯ ವಾರಿಂಗ್ಟನ್ನರ ಮಗ! ಅವನ ಚಿಂತೆ ಮೀನಲ್ಲ, ಹೊಲದ ಗೊಬ್ಬರ. ಅಮೋನಿಯಾವನ್ನು ನೈಟ್ರೈಟ್ ಮಾಡುವ ಜೀವಿಯೇ ಬೇರೆ, ನೈಟ್ರೈಟನ್ನು ನೈಟ್ರೇಟ್ ಮಾಡುವುದೇ ಬೇರೆ ಎಂದು ಅವನು ತೋರಿಸಿದ. ಅವನ್ನು ಬೇರ್ಪಡಿಸಿ ಬೆಳೆಸುವುದು ಮಾತ್ರ ಅವನ ಕೈಗೆ ಹತ್ತಲಿಲ್ಲ. ಆ ಕೀರ್ತಿ ರಷ್ಯಾದ ಸೂಕ್ಷ್ಮಜೀವಿ ವಿಜ್ಞಾನಿ ವಿನೊಗ್ರಾಡ್‌ಸ್ಕಿಯದು.

ಇಂದಿನ ಫಿಲ್ಟರಿನ ಸ್ಪಂಜು, ಸೆರಾಮಿಕ್ ಉಂಗುರಗಳು ಈ ಜೀವಿಗಳಿಗೆ ಕಟ್ಟಿಕೊಟ್ಟ ಮನೆ. ಹಾಗಾಗಿ ನನ್ನ ಮಟ್ಟಿಗೆ ಡಬ್ಬದ ಅಂಕಿಗಿಂತ ಒಳಗೆ ಎಷ್ಟು ಸ್ಪಂಜು ಹಿಡಿಯುತ್ತದೆ ಎಂಬುದೇ ಮುಖ್ಯ. 100 ಲೀಟರ್ ತೊಟ್ಟಿಗೆ ಗಂಟೆಗೆ 400–500 ಲೀಟರ್ ಎನ್ನುವುದು ರೂಢಿಯ ಲೆಕ್ಕ. ಸ್ಪಂಜಿನಲ್ಲಿ ಕಸ ಕಟ್ಟಿದಂತೆ ಹರಿವು ಕುಗ್ಗುತ್ತದೆ, ಗೋಲ್ಡ್‌ಫಿಶ್ ಗಲೀಜೂ ಹೆಚ್ಚು. ಒಂದು ಸೈಜ್ ದೊಡ್ಡದನ್ನೇ ತನ್ನಿ.

ಲಂಡನ್ನಿನವರಿಗೆ ಇನ್ನೊಂದು ಮಾತು. ಕೆಟಲ್‌ನಲ್ಲಿ ಬಿಳಿ ಪೊರೆ ಕಟ್ಟುವ ಇಲ್ಲಿನ ಗಡಸು ನೀರು ಈ ಸೂಕ್ಷ್ಮಜೀವಿಗಳಿಗೆ ಹಿತ. ಆದರೆ ಥೇಮ್ಸ್ ವಾಟರ್ ಕಂಪನಿ ನಲ್ಲಿ ನೀರಿಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕ್ಲೋರಮೈನ್ ಬೆರೆಸುತ್ತದೆ. ಅದನ್ನು ಕಂಡಿಷನರ್ ಹಾಕಿ ಮುರಿದರೆ ಒಂದಿಷ್ಟು ಅಮೋನಿಯಾ ಉಳಿಯುತ್ತದೆ, ಅದೂ ಫಿಲ್ಟರಿನ ಪಾಲಿಗೇ. ಸ್ಪಂಜನ್ನು ನಲ್ಲಿಯಡಿ ತಿಕ್ಕಿದಿರೋ, ಸಾಕಿದ ಜೀವಿಗಳೂ ಕ್ಲೋರಮೈನಿಗೆ ಬಲಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು ವಾರಗಟ್ಟಲೆ ಬೇಕು. ಅಷ್ಟು ಕಾಯಲು ಮನಸ್ಸಿಲ್ಲದಿದ್ದರೆ, ರೋಗವಿಲ್ಲದ ಮೀನಿರುವ ಸ್ನೇಹಿತರ ಮನೆಯಿಂದ ಹಳೆಯ ಸ್ಪಂಜಿನ ತುಂಡೊಂದನ್ನು ಒದ್ದೆಯಾಗಿಯೇ ತಂದು ಹೆಪ್ಪು ಹಾಕಬಹುದು. ರೋಥಮ್‌ಸ್ಟೆಡ್‌ನಲ್ಲಿ ಮಗ ವಾರಿಂಗ್ಟನ್ ಅಮೋನಿಯಾ ದ್ರಾವಣಕ್ಕೆ ಒಂದಿಷ್ಟು ಹೊಲದ ಮಣ್ಣು ಉದುರಿಸುತ್ತಿದ್ದುದೂ ಇದಕ್ಕೇ.