ನಿಮಗಿದು ಗೊತ್ತೇ? ಶಿಡ್ಲಘಟ್ಟದ ರೇಷ್ಮೆಯೊಳಗೆ ಫ್ರೆಂಚ್ ಎಳೆ!

ಇಂಗ್ಲಿಷಿನ 'ರೀಲ್' ಎಂಬ ಪುಟ್ಟ ಪದವನ್ನು ಫ್ರೆಂಚಿಗೆ ತಿರುಗಿಸಿ ನೋಡಿ, ಚೂರುಚೂರಾಗುತ್ತದೆ! ಸಿನಿಮಾ ರೀಲಾದರೆ 'ಬೊಬಿನ್'. ಗಾಳದ ರೀಲಾದರೆ 'ಮೂಲಿನೆ'. ಶಿಡ್ಲಘಟ್ಟದ ರೀಲರ್‌ಗಳು ಗೂಡಿನಿಂದ ನೂಲು ಬಿಚ್ಚುತ್ತಾರಲ್ಲ, ಅದು 'ದೆವಿದಾಜ್'. ಇನ್ನು ನಮ್ಮ ಕಡೆ 'ರೀಲು ಬಿಡೋದು' ಇದೆಯಲ್ಲ, ಅದಕ್ಕೆ ಬೇರೆಯದೇ ಪದ ಹುಡುಕಬೇಕು!

ನೂಲು ಬಿಚ್ಚುವ ಘಟಕಕ್ಕೆ 'ಫಿಲೇಚರ್' ಎನ್ನುತ್ತೇವೆ. ಅದರ ಮೂಲ ಫ್ರೆಂಚಿನ 'ಫಿಲಾತ್ಯೂರ್'. ಫ್ರಾನ್ಸಿನಲ್ಲಿ ಇದೇ ಪದಕ್ಕೆ ಇನ್ನೊಂದು ಅರ್ಥವಿದೆ, ಕೇಳಿ: ಪೊಲೀಸರು ಗುಟ್ಟಾಗಿ ಯಾರದೋ ಬೆನ್ನು ಹತ್ತುವುದು!

ಗೂಡಿನ ಎಳೆಯ ತಾಂತ್ರಿಕ ಹೆಸರು 'ಬಾವ್'. ಫ್ರೆಂಚರ ಮನೆಮಾತಿನಲ್ಲಿ ಹಾಗೆಂದರೆ ಜೊಲ್ಲು! ಹುಳು ಬಾಯಿಂದ ಬಿಡುವ ದ್ರವವೇ ತಾನೆ ಎಳೆಯಾಗುವುದು?

ಚಿಂತಾಮಣಿಯ ಹುಳು ಮನೆಗೆ ಬನ್ನಿ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತಿದೆ. 'ಜ್ವರಕ್ಕೆ ಕೂತಿದೆ' ಎನ್ನುತ್ತಾರೆ ರೈತರು. ಕಾಯಿಲೆಯೇನಲ್ಲ, ಪೊರೆ ಕಳಚುವ ಹೊತ್ತು! ಗೂಡು ಕಟ್ಟುವಷ್ಟು ಹಣ್ಣಾಗುವ ಮುನ್ನ ಇಂಥ ನಾಲ್ಕು ಜ್ವರ. ಫ್ರೆಂಚಿನಲ್ಲಿ ಇದು 'ಮ್ಯೂ'. ಹರೆಯದ ಹುಡುಗರ ದನಿ ಒಡೆಯುವುದಕ್ಕೂ ಅಲ್ಲಿ ಅದೇ ಪದ!

ನಿಜವಾದ ಕಾಯಿಲೆಗಳ ಹೆಸರಂತೂ ಇನ್ನೂ ಸೋಜಿಗ. ನಮ್ಮ ಹಾಲು ರೋಗ ಪುಸ್ತಕದಲ್ಲಿ 'ಗ್ರಾಸರಿ', ಸಪ್ಪೆ ರೋಗ 'ಫ್ಲಾಚರಿ', ಸುಣ್ಣಕಟ್ಟು 'ಮಸ್ಕಾರ್ಡಿನ್', ಗಂಟು ರೋಗ 'ಪೆಬ್ರಿನ್'. ನಾಲ್ಕೂ ಹೆಸರು ಫ್ರಾನ್ಸಿನಿಂದ ಬಂದವು! ಪೆಬ್ರಿನ್‌ನಲ್ಲಿ ಅಡಗಿರುವುದು ಏನು ಗೊತ್ತೇ? ಕರಿಮೆಣಸು! ರೋಗ ತಗುಲಿದ ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿಗಳು. 1865ರಲ್ಲಿ ಇದರ ಬೆನ್ನು ಹತ್ತಿ ದಕ್ಷಿಣ ಫ್ರಾನ್ಸಿನ ಅಲೆಸ್‌ಗೆ ಹೋದವರು ಲೂಯಿ ಪಾಶ್ಚರ್. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಉಪಾಯ ಅವರದೇ. ಮೊಟ್ಟೆ ತಯಾರಿಸುವ ನಮ್ಮ ಗ್ರೇನೇಜ್‌ಗಳಲ್ಲಿ ಇಂದಿಗೂ ಅದೇ ಪರೀಕ್ಷೆ! ಅಂದಹಾಗೆ, ಗ್ರೇನೇಜ್ ಹುಟ್ಟಿದ್ದು ಫ್ರೆಂಚಿನ 'ಗ್ರೆನ್'ನಿಂದ. ಅಂದರೆ ಬೀಜ. ಹುಳುವಿನ ಮೊಟ್ಟೆಗೂ ಅವರು ಅದನ್ನೇ ಅನ್ನುತ್ತಾರೆ. ನಾವೂ 'ಬಿತ್ತನೆ ಗೂಡು' ಅನ್ನುತ್ತೇವಲ್ಲ!

ಈಗ ನಮ್ಮ 'ಗೂಡು' ಫ್ರೆಂಚಿಗೆ ಹೋಗಲಿ. ಹಕ್ಕಿಯದು 'ನಿ', ಜೇನಿನದು 'ರೂಶ್', ಹುಳುವಿನದು 'ಕೊಕೋನ್'. ಗೋಡೆಯಲ್ಲಿ ದೀಪ ಇಡುವ ಗೂಡು 'ನೀಶ್'. ಆ ನೀಶ್ ಅಂದರೆ ಫ್ರಾನ್ಸಿನಲ್ಲಿ ನಾಯಿಮನೆಯೂ ಹೌದು!